ಗರ್ಭಿಣಿಯರ ಊಟದ ಹೊತ್ತನ್ನು ಸರಿಪಡಿಸುವ ಕ್ರಮ: ಬೆಳಗಿನಿಂದ ಆರಂಭಿಸಿ

ದಾವಣಗೆರೆಯ ಸುತ್ತಮುತ್ತ ಗರ್ಭಿಣಿಯರ ಆಹಾರದ ಬಗ್ಗೆ ಸಲಹೆ ನೀಡುವ ಕೆಲಸದಲ್ಲಿ ನಾನು ಪದೇ ಪದೇ ಕೇಳುವ ಮಾತು ಒಂದಿದೆ. ರಾತ್ರಿ ಊಟವನ್ನು ಏಳೂವರೆಗೆ ಮುಗಿಸಬೇಕೆಂದು ಡಾಕ್ಟರು ಹೇಳಿದ್ದರು, ಎರಡು ದಿನ ಪಾಲಿಸಿದೆ, ಮೂರನೆಯ ದಿನ ಹತ್ತೂವರೆಗೆ ಹಸಿವು ತಡೆಯಲಾರದೆ ಮತ್ತೆ ಅನ್ನ ಸಾರು ಉಂಡು ಮಲಗಿದೆ, ಎಂಬುದು. ಹೀಗೆ ಹೇಳಿದವರ ಇಡೀ ದಿನದ ಲೆಕ್ಕವನ್ನು ಬರೆಸಿ ನೋಡಿದಾಗ ತಪ್ಪು ರಾತ್ರಿಯಲ್ಲಿ ಸಿಗುವುದು ಅಪರೂಪ. ಬೆಳಿಗ್ಗೆ ಒಂದು ಲೋಟ ಚಹಾ, ಎಲ್ಲರಿಗೂ ತಿಂಡಿ ಮಾಡಿ ಬಡಿಸಿ ತಮ್ಮ ತಟ್ಟೆಗೆ ಕೈ ಹಾಕುವಾಗ ಹನ್ನೊಂದು, ಮಧ್ಯಾಹ್ನದ ಊಟ ಮೂರಕ್ಕೆ, ಸಂಜೆ ಆರೂವರೆಗೆ ಮಂಡಕ್ಕಿ ಮೆಣಸಿನಕಾಯಿ. ಈ ದಿನಚರಿಯಲ್ಲಿ ಏಳೂವರೆಗೆ ಊಟ ಸೇರುವುದಿಲ್ಲ, ಸೇರಿದರೂ ನಿಲ್ಲುವುದಿಲ್ಲ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ರಾತ್ರಿಯ ಊಟವು ಆರನೆಯ ಹಂತದಲ್ಲಿ ಬರುತ್ತದೆ. ಅದಕ್ಕಿಂತ ಮೊದಲಿನ ಐದು ಹಂತಗಳನ್ನು ಹಾರಿಸಿ ನೇರವಾಗಿ ಅಲ್ಲಿಗೆ ಹೋದವರೇ ಬಹುತೇಕ ಸೋತವರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕು.

ಆರಂಭಿಸುವ ಮೊದಲು: ಯಾರು ಕಾಯಬೇಕು, ಯಾರು ಕೇಳಿ ಮುಂದುವರಿಯಬೇಕು

ವಾಂತಿ ಮತ್ತು ಓಕರಿಕೆಯ ತಿಂಗಳುಗಳಲ್ಲಿ ಈ ಕ್ರಮವನ್ನು ಆರಂಭಿಸಬಾರದು. ಆ ಅವಧಿಯಲ್ಲಿ ಹೊತ್ತಿಗಿಂತ ಹೊಟ್ಟೆಯಲ್ಲಿ ಏನಾದರೂ ಉಳಿಯುವುದು ಮುಖ್ಯ. ಹಾಸಿಗೆಯಿಂದ ಏಳುವ ಮೊದಲೇ ಎರಡು ಒಣ ಬಿಸ್ಕತ್ತು ಅಥವಾ ಒಂದು ಹಿಡಿ ಒಣ ಮಂಡಕ್ಕಿ ತಿಂದು ಹತ್ತು ಹದಿನೈದು ನಿಮಿಷ ಬಿಟ್ಟು ಏಳುವುದು, ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುವುದು, ನೀರನ್ನು ಊಟದ ಜೊತೆಗೆ ಕುಡಿಯದೆ ನಡುವೆ ಗುಟುಕು ಗುಟುಕಾಗಿ ಕುಡಿಯುವುದು, ಇಷ್ಟೇ ಆಗಿನ ನಿಯಮ. ರಾತ್ರಿ ಹನ್ನೆರಡಕ್ಕೆ ಮಾತ್ರ ಮೊಸರನ್ನ ಸೇರುತ್ತದೆ ಎಂದಾದರೆ ಹನ್ನೆರಡಕ್ಕೇ ಉಣ್ಣಿ. ಹೆಚ್ಚಿನವರಲ್ಲಿ ಈ ತೊಂದರೆ 16ರಿಂದ 20ನೇ ವಾರದೊಳಗೆ ತಗ್ಗುತ್ತದೆ, ಆಮೇಲೆ ಈ ಕೆಲಸಕ್ಕೆ ಕೈ ಹಾಕಬಹುದು.

ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಊಟದ ಹೊತ್ತನ್ನು ತಾವಾಗಿಯೇ ಅರ್ಧ ಗಂಟೆಯೂ ಸರಿಸಬಾರದು. ಔಷಧಿಯ ಪ್ರಮಾಣವನ್ನು ಊಟದ ಹೊತ್ತಿಗೆ ಹೊಂದಿಸಿ ಬರೆದಿರುತ್ತಾರೆ, ಒಂದನ್ನು ಬದಲಿಸಿದರೆ ಇನ್ನೊಂದನ್ನೂ ಬದಲಿಸಬೇಕಾಗುತ್ತದೆ. ಅವಳಿ ಮಕ್ಕಳ ಗರ್ಭ, ರಕ್ತದೊತ್ತಡ, ತೂಕ ಏರದಿರುವುದು, ಮಗುವಿನ ಬೆಳವಣಿಗೆ ಕಡಿಮೆಯಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಕಂಡಿರುವುದು, ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಬೇಕಾಗುವ ವಸ್ತುಗಳು

ದುಬಾರಿಯಾದುದು ಯಾವುದೂ ಇಲ್ಲ. ಅಡುಗೆಮನೆಯಲ್ಲಿ ಕಾಣುವಂತೆ ಒಂದು ಗೋಡೆ ಗಡಿಯಾರ, ಹಾಳೆಗೊಂದು ದಿನದಂತೆ ಬರೆಯಲು ಇಪ್ಪತ್ತು ಪುಟದ ನೋಟುಪುಸ್ತಕ, ಮುಚ್ಚಳ ಬಿಗಿಯಾಗಿರುವ ಎರಡು ಸಣ್ಣ ಡಬ್ಬಿ, ಒಂದು ಥರ್ಮಾಸ್ ಫ್ಲಾಸ್ಕ್ ಮತ್ತು ತಾಯಿ ಕಾರ್ಡ್. ಸಕ್ಕರೆ ಪರೀಕ್ಷಿಸುವ ಗ್ಲುಕೋಮೀಟರ್ ಎಲ್ಲರಿಗೂ ಬೇಕಿಲ್ಲ, ವೈದ್ಯರು ಹೇಳಿದವರಿಗೆ ಮಾತ್ರ ಸಾಕು. ಮೊಬೈಲಿನ ಆಪ್‌ಗಳನ್ನು ನಾನು ಸೂಚಿಸುವುದಿಲ್ಲ. ಅವುಗಳಲ್ಲಿ ಬಹಳಷ್ಟು ಉಪವಾಸದ ಗಂಟೆಗಳನ್ನು ಎಣಿಸಿ ಹೊಗಳುವಂಥವು, ಮತ್ತು ಗರ್ಭಿಣಿಯರಿಗೆ ಆ ಹೊಗಳಿಕೆ ಹಾನಿಕರ.

ಹಂತ 1: ಮೂರು ದಿನ ಏನನ್ನೂ ಬದಲಿಸದೆ ಬರೆದಿಡಿ

ಬಾಯಿಗೆ ಹೋದ ಪ್ರತಿಯೊಂದನ್ನೂ, ಗಂಟೆ ನಿಮಿಷದೊಂದಿಗೆ, ಬರೆಯಬೇಕು. ಒಗ್ಗರಣೆ ಹಾಕುವಾಗ ಬಾಯಿಗೆಸೆದ ನಾಲ್ಕು ಶೇಂಗಾ, ಮಗು ಬಿಟ್ಟ ಅರ್ಧ ಚಪಾತಿ, ಪಕ್ಕದ ಮನೆಯಲ್ಲಿ ಕುಡಿದ ಚಹಾ, ಇವು ಯಾವುವೂ ಬಿಟ್ಟುಹೋಗಬಾರದು. ಜೊತೆಗೆ ಎದ್ದ ಹೊತ್ತು, ಮಲಗಿದ ಹೊತ್ತು, ಎದೆಯುರಿ ಬಂದ ಹೊತ್ತನ್ನೂ ಬರೆಯಿರಿ. ಮೂರು ದಿನಗಳಲ್ಲಿ ಒಂದು ಭಾನುವಾರವಾಗಿರಲಿ, ಏಕೆಂದರೆ ಭಾನುವಾರದ ದಿನಚರಿ ಬೇರೆಯೇ ಮನೆಯದೆಂಬಂತೆ ಇರುತ್ತದೆ.

ಬರೆದ ಮೇಲೆ ಎರಡು ಅಂಕಿಗಳನ್ನು ತೆಗೆಯಿರಿ. ಒಂದು, ಎದ್ದ ನಂತರ ಮೊದಲ ಗಟ್ಟಿ ಆಹಾರಕ್ಕೆ ಎಷ್ಟು ಹೊತ್ತಾಯಿತು. ಇನ್ನೊಂದು, ರಾತ್ರಿಯ ಕೊನೆಯ ತುತ್ತಿನಿಂದ ಬೆಳಗಿನ ಮೊದಲ ತುತ್ತಿನವರೆಗೆ ಎಷ್ಟು ಗಂಟೆ. ಮೊದಲನೆಯದು ಒಂದೂವರೆ ಗಂಟೆಗಿಂತ ಹೆಚ್ಚಿದ್ದರೆ ನಿಮ್ಮ ಮುಖ್ಯ ಕೆಲಸ ಹಂತ 3ರಲ್ಲಿದೆ. ಎರಡನೆಯದು ಹನ್ನೆರಡು ಗಂಟೆ ದಾಟಿದ್ದರೆ ನೀವು ಈಗಾಗಲೇ ಅರಿಯದೆ ಉಪವಾಸವಿದ್ದೀರಿ ಎಂದರ್ಥ. ಗರ್ಭಿಣಿಯ ದೇಹ ಉಳಿದವರಿಗಿಂತ ಬೇಗ ಕೊಬ್ಬನ್ನು ಕರಗಿಸಲು ಆರಂಭಿಸುತ್ತದೆ ಮತ್ತು ರಕ್ತದಲ್ಲಿ ಕೀಟೋನ್ ಎಂಬ ವಸ್ತು ಬೇಗ ಏರುತ್ತದೆ. ಹತ್ತರಿಂದ ಹನ್ನೊಂದು ಗಂಟೆಯ ರಾತ್ರಿಯ ಅಂತರವನ್ನು ಗುರಿಯಾಗಿಟ್ಟುಕೊಳ್ಳಬೇಕು, ಹನ್ನೆರಡನ್ನು ದಾಟಬಾರದು. ಹದಿನಾರು ಗಂಟೆ ಉಪವಾಸವಿದ್ದು ಎಂಟು ಗಂಟೆಯೊಳಗೆ ಉಣ್ಣುವ ಪದ್ಧತಿಯನ್ನು ಮದುವೆಗೆ ಮೊದಲು ಪಾಲಿಸಿ ತೂಕ ಇಳಿಸಿಕೊಂಡವರು ಈಗ ಅದನ್ನು ಪೂರ್ತಿ ಮರೆಯಬೇಕು.

ಹಂತ 2: ಏಳುವ ಹೊತ್ತನ್ನು ಗೊತ್ತುಮಾಡಿ, ಬೆಳಕಿಗೆ ಬನ್ನಿ

ದೇಹದಲ್ಲಿ ಗಡಿಯಾರ ಒಂದೇ ಇಲ್ಲ ಎಂಬುದು ತಿಳಿದರೆ ಈ ಹಂತದ ಕಾರಣ ಅರ್ಥವಾಗುತ್ತದೆ. ಮೆದುಳಿನ ಹೈಪೋಥಾಲಮಸ್ ಭಾಗದಲ್ಲಿರುವ ಮುಖ್ಯ ಗಡಿಯಾರ ಕಣ್ಣಿಗೆ ಬೀಳುವ ಬೆಳಕಿನಿಂದ ಹೊಂದಿಕೊಳ್ಳುತ್ತದೆ, ಯಕೃತ್ತು, ಮೇದೋಜೀರಕ ಗ್ರಂಥಿ ಮತ್ತು ಕರುಳಿನಲ್ಲಿರುವ ಗಡಿಯಾರಗಳು ಹೆಚ್ಚಾಗಿ ಊಟದ ಹೊತ್ತಿನಿಂದ ಹೊಂದಿಕೊಳ್ಳುತ್ತವೆ. ಇವೆರಡೂ ಒಂದಕ್ಕೊಂದು ತಾಳೆಯಾಗದಿದ್ದರೆ ಅದೇ ಅನ್ನ ಬೆಳಿಗ್ಗೆ ಉಂಡಾಗ ಏರಿಸುವುದಕ್ಕಿಂತ ಹೆಚ್ಚು ಸಕ್ಕರೆಯನ್ನು ರಾತ್ರಿ ಉಂಡಾಗ ಏರಿಸುತ್ತದೆ. ಕತ್ತಲಾದ ಮೇಲೆ ಏರುವ ಮೆಲಟೋನಿನ್ ಎಂಬ ಹಾರ್ಮೋನ್ ಇನ್ಸುಲಿನ್ ಬಿಡುಗಡೆಯನ್ನು ತಗ್ಗಿಸುವುದು ಇದಕ್ಕೊಂದು ಕಾರಣ. ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾಸುವಿನಿಂದ, ಅಂದರೆ ಪ್ಲಾಸೆಂಟಾದಿಂದ, ಬರುವ ಹಾರ್ಮೋನ್‌ಗಳ ಪ್ರಭಾವದಿಂದ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದರಿಂದ ಈ ವ್ಯತ್ಯಾಸ ಇನ್ನಷ್ಟು ಮುಖ್ಯವಾಗುತ್ತದೆ. ತಾಯಿಯ ಮೆಲಟೋನಿನ್ ಮಾಸುವನ್ನು ದಾಟಿ ಮಗುವನ್ನೂ ತಲುಪುತ್ತದೆ. ಹೊಟ್ಟೆಯೊಳಗಿನ ಮಗುವಿಗೆ ಹಗಲು ರಾತ್ರಿ ತಿಳಿಯುವ ದಾರಿಗಳಲ್ಲಿ ಅದೊಂದು.

ಮಾಡಬೇಕಾದುದು ಇಷ್ಟು. ವಾರದ ಏಳೂ ದಿನ ಒಂದೇ ಹೊತ್ತಿಗೆ, ಹೆಚ್ಚೆಂದರೆ ಅರ್ಧ ಗಂಟೆಯ ವ್ಯತ್ಯಾಸದಲ್ಲಿ, ಏಳಬೇಕು. ನಮ್ಮ ಜಿಲ್ಲೆಗಳಲ್ಲಿ ಸೂರ್ಯ ಹುಟ್ಟುವುದು ವರ್ಷದುದ್ದಕ್ಕೂ ಬೆಳಿಗ್ಗೆ ಸುಮಾರು 6ರಿಂದ 7ರ ನಡುವೆ, ಆದ್ದರಿಂದ ಆರೂವರೆಯನ್ನು ಆರಿಸಿಕೊಳ್ಳುವುದು ಅನುಕೂಲ. ಎದ್ದ ಒಂದು ಗಂಟೆಯೊಳಗೆ ಇಪ್ಪತ್ತು ನಿಮಿಷ ಹೊರಗಿನ ಬೆಳಕಿನಲ್ಲಿರಬೇಕು. ಅಂಗಳ ಗುಡಿಸಿ ರಂಗೋಲಿ ಹಾಕುವುದು, ಮಹಡಿಯ ಮೇಲೆ ಬಟ್ಟೆ ಹರವುವುದು, ಹಾಲು ತರಲು ಹೋಗುವುದು, ಯಾವುದಾದರೂ ಆದೀತು. ಕಿಟಕಿಯ ಒಳಗೆ ನಿಂತರೆ ಸಿಗುವ ಬೆಳಕು ಹೊರಗಿನದರ ಒಂದು ಸಣ್ಣ ಪಾಲು ಮಾತ್ರ.

ಇಲ್ಲಿ ಜನ ಮಾಡುವ ತಪ್ಪೆಂದರೆ ತವರಿಗೆ ಬಂದ ಮಗಳನ್ನು ಒಂಬತ್ತರವರೆಗೆ ಮಲಗಲು ಬಿಡುವುದು. ವಿಶ್ರಾಂತಿ ಬೇಕು ನಿಜ, ಅದನ್ನು ಮಧ್ಯಾಹ್ನ ಮೂರರೊಳಗೆ ಅರ್ಧ ಮುಕ್ಕಾಲು ಗಂಟೆಯ ನಿದ್ದೆಯಾಗಿ ಕೊಡಿ.

ಹಂತ 3: ಮೊದಲ ತುತ್ತನ್ನು ಹಿಂದಕ್ಕೆ ತನ್ನಿ

ಇಡೀ ಕ್ರಮದಲ್ಲಿ ಕಷ್ಟವಾದುದೂ ಫಲ ಕೊಡುವುದೂ ಇದೇ ಹಂತ. ಎದ್ದ ಒಂದು ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಗಟ್ಟಿ ಆಹಾರ ಹೊಟ್ಟೆಗೆ ಹೋಗಬೇಕು. ಚಹಾ, ಕಾಫಿ ಲೆಕ್ಕಕ್ಕಿಲ್ಲ.

ಅಡ್ಡಿ ಅಡುಗೆಮನೆಯಲ್ಲಿಲ್ಲ, ಮನೆಯ ಪದ್ಧತಿಯಲ್ಲಿದೆ. ಗಂಡಸರು, ಮಕ್ಕಳು, ಅತ್ತೆ ಮಾವ ಎಲ್ಲರ ತಿಂಡಿಯಾಗಿ ಪೂಜೆ ಮುಗಿದ ಮೇಲೆ ಸೊಸೆ ತಿನ್ನುವುದು ಅನೇಕ ಮನೆಗಳಲ್ಲಿ ಯಾರೂ ಹೇಳದೆಯೇ ನಡೆದುಬಂದಿರುವ ಕ್ರಮ. ಇದನ್ನು ವಾದದಿಂದ ಬದಲಿಸಲು ಹೋದವರಿಗಿಂತ ದಾರಿ ಹುಡುಕಿಕೊಂಡವರು ಹೆಚ್ಚು ಯಶಸ್ವಿಯಾದುದನ್ನು ನಾನು ಕಂಡಿದ್ದೇನೆ. ನನ್ನ ಮೊದಲ ಗರ್ಭದಲ್ಲಿ ನಾನೇ ಹನ್ನೊಂದಕ್ಕೆ ತಿಂಡಿ ತಿನ್ನುತ್ತಿದ್ದೆ. ಐದನೇ ತಿಂಗಳಲ್ಲಿ ಒಲೆಯ ಮುಂದೆ ಕಣ್ಣು ಕತ್ತಲಿಟ್ಟು ಕುಸಿದ ಮೇಲೆ ನಮ್ಮ ಅತ್ತೆಯವರೇ ಬೆಳಿಗ್ಗೆ ಏಳಕ್ಕೆ ನನ್ನ ಕೈಗೆ ತಟ್ಟೆ ಕೊಡತೊಡಗಿದರು. ಅಲ್ಲಿಯವರೆಗೆ ಅವರಿಗೆ ಯಾರೂ ಇದರ ಬಗ್ಗೆ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆದ್ದರಿಂದ ಮುಂದಿನ ತಪಾಸಣೆಗೆ ಹೋಗುವಾಗ ಅತ್ತೆಯವರನ್ನೋ ತಾಯಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ, ವೈದ್ಯರ ಅಥವಾ ಆಶಾ ಕಾರ್ಯಕರ್ತೆಯ ಬಾಯಿಂದಲೇ ಈ ಮಾತು ಅವರ ಕಿವಿಗೆ ಬೀಳುವಂತೆ ಮಾಡಿ.

ಅಷ್ಟರೊಳಗೆ ಡಬ್ಬಿಯನ್ನು ಬಳಸಿ. ರಾತ್ರಿಯೇ ಒಂದು ಡಬ್ಬಿಯಲ್ಲಿ ಹುರಿದ ಶೇಂಗಾ ಮತ್ತು ಪುಟಾಣಿಯನ್ನು (ಹುರಿಗಡಲೆ) ಒಂದು ಹಿಡಿ, ಇನ್ನೊಂದರಲ್ಲಿ ಬೇಯಿಸಿದ ಮೊಟ್ಟೆ ಅಥವಾ ನೆನೆಸಿದ ಹೆಸರುಕಾಳನ್ನು ಇಟ್ಟುಕೊಳ್ಳಿ. ನೆನೆಸಿದ ಕಾಳನ್ನು ಬೆಳಿಗ್ಗೆ ಬೇಯಿಸಿಯೇ ತಿನ್ನಬೇಕು, ಹಸಿ ಮೊಳಕೆ ಕಾಳು ಗರ್ಭಿಣಿಯರಿಗೆ ಬೇಡ. ಮೊಟ್ಟೆ ಮತ್ತು ನೆನೆಹಾಕಿದ ಕಾಳಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿಡಬೇಕು, ಫ್ರಿಜ್ ಇಲ್ಲದವರು ಮೊಟ್ಟೆಯನ್ನು ಬೆಳಿಗ್ಗೆಯೇ ಬೇಯಿಸಿಕೊಳ್ಳುವುದು ಒಳ್ಳೆಯದು. ಪೂಜೆಗೆ ಮೊದಲು ಅಡುಗೆಯ ಅನ್ನ ತಿನ್ನಬಾರದೆಂಬ ಮನೆಯಲ್ಲಿ ಹಾಲು, ಬಾಳೆಹಣ್ಣು ಮತ್ತು ಶೇಂಗಾ ಆಗಬಹುದು.

ಹೊತ್ತನ್ನು ಒಮ್ಮೆಲೇ ಹನ್ನೊಂದರಿಂದ ಏಳೂವರೆಗೆ ತರಬೇಡಿ, ಹೊಟ್ಟೆ ಒಪ್ಪುವುದಿಲ್ಲ. ಮೊದಲ ಮೂರು ದಿನ ಡಬ್ಬಿಯ ಹಿಡಿ ಮಾತ್ರ ಏಳೂವರೆಗೆ, ತಿಂಡಿ ಎಂದಿನ ಹೊತ್ತಿಗೇ. ಆಮೇಲೆ ಎರಡು ದಿನಕ್ಕೊಮ್ಮೆ ತಿಂಡಿಯನ್ನು ಅರ್ಧ ಗಂಟೆ ಹಿಂದಕ್ಕೆ ತನ್ನಿ. ಎಂಟೂವರೆಗೆ ಬಂದು ನಿಂತರೂ ಸಾಕು.

ಏನು ತಿನ್ನಬೇಕು ಎಂಬುದರಲ್ಲಿ ಒಂದು ಎಚ್ಚರಿಕೆ ಬೇಕು. ಬೆಳಿಗ್ಗೆ ರಾಜನಂತೆ ತಿನ್ನಬೇಕೆಂಬ ಮಾತನ್ನು ಗರ್ಭಕಾಲದ ಸಕ್ಕರೆ ಕಾಯಿಲೆ ಇರುವವರು ಅಕ್ಷರಶಃ ಪಾಲಿಸಬಾರದು. ಬೆಳಗಿನ ಹಾರ್ಮೋನ್‌ಗಳಿಂದಾಗಿ ಅವರಲ್ಲಿ ಅನೇಕರಿಗೆ ದಿನದ ಎಲ್ಲ ಊಟಗಳಿಗಿಂತ ತಿಂಡಿಯ ನಂತರವೇ ಸಕ್ಕರೆ ಹೆಚ್ಚು ಏರುತ್ತದೆ. ಅವರು ತಿಂಡಿಯನ್ನು ಎರಡು ಪಾಲು ಮಾಡಿ, ಏಳೂವರೆಗೆ ಒಂದು ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಟ್ಟೆ, ಹತ್ತಕ್ಕೆ ಇನ್ನೊಂದು ಪಾಲು ಎಂಬಂತೆ ತಿನ್ನಬೇಕು. ರಾಗಿಯೆಂದರೆ ಸಕ್ಕರೆ ಏರದು ಎಂಬ ನಂಬಿಕೆ ಚಿತ್ರದುರ್ಗದ ಕಡೆ ಬಲವಾಗಿದೆ. ಮುದ್ದೆಯನ್ನು ಸೊಪ್ಪಿನ ಸಾರು, ಕಾಳಿನ ಜೊತೆ ಅಳತೆಯಲ್ಲಿ ಉಂಡರೆ ಒಂದು ಮಾತು, ಬೆಲ್ಲ ಹಾಕಿದ ತೆಳು ರಾಗಿ ಗಂಜಿಯನ್ನು ಖಾಲಿ ಹೊಟ್ಟೆಗೆ ಕುಡಿದರೆ ಬೇರೆಯೇ ಮಾತು, ಅದು ಸಕ್ಕರೆಯನ್ನು ಬೇಗ ಏರಿಸುತ್ತದೆ. ಬೆಣ್ಣೆ ದೋಸೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ವಾರಕ್ಕೊಮ್ಮೆ, ಬೆಳಿಗ್ಗೆಯೇ, ಒಂದೇ ದೋಸೆ. ರಾತ್ರಿ ಒಂಬತ್ತಕ್ಕೆ ಹೋಟೆಲಿಗೆ ಹೋಗಿ ಎರಡು ತಿನ್ನುವುದಕ್ಕಿಂತ ಅದು ಎಷ್ಟೋ ಮೇಲು.

ಹಂತ 4: ಮಧ್ಯಾಹ್ನದ ಊಟ ಒಂದರಿಂದ ಒಂದೂವರೆಗೆ

ತಿಂಡಿ ಸರಿಯಾದರೆ ಮಧ್ಯಾಹ್ನದ ಹಸಿವು ತಾನಾಗಿ ಒಂದು ಗಂಟೆಗೆ ಬರುತ್ತದೆ. ದಿನದ ದೊಡ್ಡ ಊಟ ಇದಾಗಿರಲಿ, ಅನ್ನ ಅಥವಾ ಮುದ್ದೆ, ಬೇಳೆ ಕಾಳು, ಸೊಪ್ಪು, ಮೊಸರು ಎಲ್ಲವೂ ಇರಲಿ. ಗರ್ಭಿಣಿಗೆ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕೆಂಬುದು ನಮ್ಮ ದೇಶದ ಶಿಫಾರಸು. ಅದು ಇಬ್ಬರ ಊಟವಲ್ಲ, ಒಂದು ರೊಟ್ಟಿ, ಒಂದು ಸೌಟು ಕಾಳು ಮತ್ತು ಒಂದು ಲೋಟ ಹಾಲಿನಷ್ಟು.

ಅಂಗನವಾಡಿಗೆ ಹತ್ತಿರವಿರುವವರಿಗೆ 2017ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಹೊತ್ತನ್ನು ಕಾಯುವ ಅತ್ಯುತ್ತಮ ಸಾಧನ. ಬೇರೆಯವರು ಬಡಿಸುವ ಊಟ, ನಿಗದಿಯಾದ ಹೊತ್ತಿಗೆ, ಮನೆಯವರನ್ನು ಕಾಯುವ ಗೊಡವೆಯಿಲ್ಲದೆ ಸಿಗುತ್ತದೆ. ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಯ ಲೆಕ್ಕವನ್ನೂ ನೋಟುಪುಸ್ತಕದಲ್ಲಿ ಬರೆಯಿರಿ. ಅಲ್ಲಿ ಉಂಡು ಬಂದು ಮೂರಕ್ಕೆ ಮನೆಯಲ್ಲಿ ಮತ್ತೊಮ್ಮೆ ಅನ್ನ ಉಣ್ಣುವುದು ಬೇಡ.

ಹಂತ 5: ಸಂಜೆಯ ಮಂಡಕ್ಕಿಯನ್ನು ಮುಂಚೆ ತಿನ್ನಿ

ಬೇರೆ ಊರಿನವರು ಬರೆದ ಆಹಾರ ಪಟ್ಟಿಗಳು ನಮ್ಮಲ್ಲಿ ಸೋಲುವುದು ಇಲ್ಲಿಯೇ. ದಾವಣಗೆರೆಯಲ್ಲಿ ಸಂಜೆ ಆರರ ಮೇಲೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದ ಬೀದಿ ಹುಡುಕಬೇಕು. ಆರೂವರೆಗೆ ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ ತಿಂದವರಿಗೆ ಎಂಟಕ್ಕೆ ಹಸಿವಾಗುವುದಿಲ್ಲ, ಹತ್ತಕ್ಕೆ ಆಗುತ್ತದೆ. ರಾತ್ರಿಯ ಊಟ ತಡವಾಗುವುದಕ್ಕೆ ಧಾರಾವಾಹಿಗಳನ್ನು ದೂರುವುದು ರೂಢಿ. ನನ್ನ ಅನುಭವದಲ್ಲಿ ಮಂಡಕ್ಕಿಯ ಪಾಲೇ ದೊಡ್ಡದು.

ಬಿಡಬೇಕಾಗಿಲ್ಲ. ನಾಲ್ಕೂವರೆಗೆ ತಿನ್ನಿ, ಮಂಡಕ್ಕಿಯ ಪ್ರಮಾಣ ಅರ್ಧ ಮಾಡಿ ಶೇಂಗಾ, ಪುಟಾಣಿ, ಈರುಳ್ಳಿ, ಟೊಮೆಟೊ, ಕೊತ್ತಂಬರಿಯನ್ನು ಹೆಚ್ಚಿಸಿ, ಮೆಣಸಿನಕಾಯಿ ಬಜ್ಜಿಯನ್ನು ಒಂದಕ್ಕೆ ನಿಲ್ಲಿಸಿ. ಏಳನೇ ತಿಂಗಳ ಮೇಲೆ ಎದೆಯುರಿ ಇದ್ದರೆ ಆ ಒಂದೂ ಬೇಡ. ದಿನದ ಕೊನೆಯ ಚಹಾ ಕಾಫಿಯೂ ಇದೇ ಹೊತ್ತಿಗೆ ಮುಗಿಯಬೇಕು, ಗರ್ಭಿಣಿಯ ದೇಹದಿಂದ ಕೆಫೀನ್ ಹೊರಹೋಗಲು ಬಹಳ ಹೆಚ್ಚು ಹೊತ್ತು ಹಿಡಿಯುವುದರಿಂದ ಆರರ ಚಹಾ ಹನ್ನೊಂದರ ನಿದ್ದೆಯನ್ನು ಕೆಡಿಸುತ್ತದೆ. ಇಡೀ ದಿನಕ್ಕೆ ಕೆಫೀನ್ 200 ಮಿಲಿಗ್ರಾಂ ದಾಟಬಾರದು, ಎರಡು ಸಣ್ಣ ಲೋಟಕ್ಕೆ ನಿಲ್ಲಿಸಿದರೆ ಸಾಮಾನ್ಯವಾಗಿ ಆ ಮಿತಿಯೊಳಗೇ ಇರುತ್ತೀರಿ.

ಹಂತ 6: ಈಗ ರಾತ್ರಿಯ ಊಟ

ಮೊದಲ ಐದು ಹಂತಗಳಿಗೆ ಸುಮಾರು ಎರಡರಿಂದ ಮೂರು ವಾರ ಹಿಡಿದಿರುತ್ತದೆ. ಅಷ್ಟು ಹೊತ್ತಿಗೆ ಎಂಟರ ಸುಮಾರಿಗೆ ಹಸಿವು ಕಾಣಿಸತೊಡಗಿದರೆ ಮಾತ್ರ ಈ ಹಂತಕ್ಕೆ ಬನ್ನಿ, ಇಲ್ಲವಾದರೆ ಹಂತ 3ಕ್ಕೆ ಮರಳಿ ನೋಡಿ.

ಎರಡು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಹತ್ತರಲ್ಲಿದ್ದವರು ಎಂಟಕ್ಕೆ ಬರಲು ಹದಿನಾರು ದಿನ ಬೇಕು. ಏಳೂವರೆಯಿಂದ ಎಂಟರ ನಡುವೆ ಉಂಡು, ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ನಿಧಾನವಾಗಿ ಓಡಾಡಿ, ಎರಡು ಎರಡೂವರೆ ಗಂಟೆ ಬಿಟ್ಟು ಮಲಗುವುದು ಗುರಿ. ಗಂಡ ಅಂಗಡಿ ಮುಚ್ಚಿ ಬರುವುದು ಹತ್ತಕ್ಕೆ ಎಂದಾದರೆ ಅವರೊಂದಿಗೆ ಕುಳಿತು ಮಜ್ಜಿಗೆ ಕುಡಿಯಿರಿ, ಊಟವನ್ನು ಮಾತ್ರ ಕಾಯಿಸಬೇಡಿ.

ರಾತ್ರಿ ಅನ್ನದ ರಾಶಿ ಬೇಡ ಎಂದಾಗ ಅನೇಕರು ಊಟವನ್ನೇ ಬಿಟ್ಟು ಒಂದು ಲೋಟ ಹಾಲು ಕುಡಿದು ಮಲಗುತ್ತಾರೆ. ಇದು ತಪ್ಪು. ಒಂದು ರೊಟ್ಟಿ ಅಥವಾ ಒಂದು ಸಣ್ಣ ಬಟ್ಟಲು ಅನ್ನ, ಅದಕ್ಕಿಂತ ಹೆಚ್ಚು ಪಲ್ಯ, ಕಟ್ಟಿನ ಸಾರಿಗಿಂತ ಗಟ್ಟಿ ಬೇಳೆ, ಹೀಗಿರಬೇಕು. ಮಲಗುವಾಗ ಹಸಿವಾದರೆ ಸಕ್ಕರೆ ಹಾಕದ ಹಾಲನ್ನೋ ಒಂದು ಹಿಡಿ ಶೇಂಗಾವನ್ನೋ ತೆಗೆದುಕೊಳ್ಳಿ, ಗರ್ಭಿಣಿ ಹಸಿದು ಮಲಗುವ ನಿಯಮ ಎಲ್ಲಿಯೂ ಇಲ್ಲ. ನಡುರಾತ್ರಿ ಎರಡಕ್ಕೆ ಹಸಿದು ಎಚ್ಚರವಾಗುತ್ತಿದ್ದರೆ ಸಂಜೆಯ ಆಹಾರದಲ್ಲಿ ಕಾಳು, ಮೊಟ್ಟೆ ಸಾಲುತ್ತಿಲ್ಲ ಎಂದು ತಿಳಿಯಿರಿ.

ಒಂಬತ್ತರ ಮೇಲೆ ಟ್ಯೂಬ್‌ಲೈಟ್ ಆರಿಸಿ ಮಂದ ಬೆಳಕಿನಲ್ಲಿರಿ, ಮೊಬೈಲನ್ನು ಹಾಸಿಗೆಯಿಂದ ದೂರವಿಡಿ. 28 ವಾರ ದಾಟಿದವರು ಮಗ್ಗುಲಾಗಿ ಮಲಗಬೇಕು, ಎಡಮಗ್ಗುಲು ಎದೆಯುರಿಗೂ ಒಳ್ಳೆಯದು.

ಸಿಂಗಪುರದಲ್ಲಿ ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಅಧ್ಯಯನವೊಂದರಲ್ಲಿ ರಾತ್ರಿಯ ಊಟದ ಅಂತರ ಹೆಚ್ಚಿದ್ದವರ ಖಾಲಿ ಹೊಟ್ಟೆಯ ಸಕ್ಕರೆ ತುಸು ಕಡಿಮೆಯಿತ್ತು. ಅದು ಎರಡರ ನಡುವಿನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಒಂದರಿಂದಲೇ ಇನ್ನೊಂದು ಆಯಿತೆಂದು ಸಾಧಿಸುವುದಿಲ್ಲ. ಆದ್ದರಿಂದ ಹೊತ್ತು ಸರಿಪಡಿಸಿದ ಮಾತ್ರಕ್ಕೆ ಸಕ್ಕರೆ ಪರೀಕ್ಷೆಯನ್ನು ಬಿಡಬಾರದು. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸುತ್ತಾರೆ, 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಕಾಲದ ಸಕ್ಕರೆ ಕಾಯಿಲೆ ಎಂದು ಪರಿಗಣಿಸುತ್ತಾರೆ. ಸರ್ಕಾರಿ ವ್ಯವಸ್ಥೆಯಲ್ಲಿ ಮಾಡುವ ಈ ಪರೀಕ್ಷೆಗೆ ಉಪವಾಸ ಬರಬೇಕಾಗಿಲ್ಲ. ಖಾಲಿ ಹೊಟ್ಟೆಯಲ್ಲಿ ಹಳ್ಳಿಯಿಂದ ಬಸ್ ಹತ್ತಿ ಬಂದು, ಸರದಿಯಲ್ಲಿ ನಿಂತು, ಗ್ಲೂಕೋಸ್ ಕುಡಿದ ಕೂಡಲೇ ವಾಂತಿ ಮಾಡಿಕೊಂಡವರು ಎಷ್ಟೋ ಮಂದಿ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಪರೀಕ್ಷೆಯನ್ನು ಇನ್ನೊಂದು ದಿನ ಮತ್ತೆ ಮಾಡಿಸಬೇಕಾಗುತ್ತದೆ. ಕೆಲವು ವೈದ್ಯರು ಖಾಲಿ ಹೊಟ್ಟೆಯ ಬೇರೆ ಪರೀಕ್ಷೆಯನ್ನು ಬರೆಯುವುದರಿಂದ ಯಾವುದೆಂದು ಮೊದಲೇ ಕೇಳಿಕೊಳ್ಳಿ.

ಹಂತ 7: ಮಾತ್ರೆಗಳನ್ನು ಊಟಗಳ ನಡುವೆ ಜೋಡಿಸಿ

ಊಟದ ಹೊತ್ತು ನಿಂತ ಮೇಲಷ್ಟೇ ಮಾತ್ರೆಗಳ ಹೊತ್ತು ನಿಲ್ಲುತ್ತದೆ. ಎಲ್ಲವನ್ನೂ ರಾತ್ರಿ ಊಟದ ಮೇಲೆ ಒಟ್ಟಿಗೆ ನುಂಗುವುದು ಅತಿ ಸಾಮಾನ್ಯವಾದ ತಪ್ಪು, ಏಕೆಂದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಹೀರಿಕೊಳ್ಳಲು ಬಿಡುವುದಿಲ್ಲ, ಇವೆರಡೂ ಥೈರಾಯ್ಡ್ ಮಾತ್ರೆಗೆ ಅಡ್ಡಿಯಾಗುತ್ತವೆ.

ಥೈರಾಯ್ಡ್ ಮಾತ್ರೆ ಇರುವವರು ಆರೂವರೆಗೆ ಎದ್ದ ಕೂಡಲೇ ಬರಿಯ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ತಿಂಡಿ ತಿನ್ನಬೇಕು. ಅಲ್ಲಿಂದ ನಾಲ್ಕು ಗಂಟೆ ಕಳೆದ ಮೇಲೆ, ಅಂದರೆ ಹತ್ತೂವರೆಯಿಂದ ಹನ್ನೊಂದರ ನಡುವೆ, ಕೆಂಪು ಬಣ್ಣದ ಕಬ್ಬಿಣದ ಮಾತ್ರೆಯನ್ನು ನಿಂಬೆಹಣ್ಣಿನ ನೀರಿನೊಂದಿಗೆ ಅಥವಾ ನೆಲ್ಲಿಕಾಯಿ ತಿಂದು ನುಂಗಿ. ಅದರ ಹಿಂದೆ ಮುಂದೆ ಒಂದು ಗಂಟೆ ಚಹಾ, ಕಾಫಿ, ಹಾಲು ಬೇಡ. 500 ಮಿಲಿಗ್ರಾಂನ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆರಡು, ಒಂದು ಮಧ್ಯಾಹ್ನದ ಊಟದ ಜೊತೆ, ಒಂದು ರಾತ್ರಿಯ ಊಟದ ಜೊತೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಕನಿಷ್ಠ ಎರಡು ಗಂಟೆ ಇರಬೇಕು. ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ತೊಳಸುವವರು ಅದನ್ನು ಬಿಟ್ಟುಬಿಡುವ ಬದಲು ಮಲಗುವ ಹೊತ್ತಿಗೆ, ಕ್ಯಾಲ್ಸಿಯಂನಿಂದ ಎರಡು ಗಂಟೆ ದೂರದಲ್ಲಿ, ನುಂಗಿ ನೋಡಬಹುದು. ಆ ದಿನ ಮಲಗುವ ಮುಂಚಿನ ಹಾಲಿನ ಬದಲು ಶೇಂಗಾ ತಿನ್ನಿ.

ಹಂತ 8: ವ್ರತ, ಗ್ರಹಣ, ಜಾತ್ರೆಯ ದಿನಗಳಿಗೆ ಮೊದಲೇ ಸಿದ್ಧರಾಗಿ

ಹಬ್ಬದ ದಿನಗಳಲ್ಲಿ ಹಳಿ ತಪ್ಪಿದವರು ಮರಳಿ ಬರಲು ವಾರ ತೆಗೆದುಕೊಳ್ಳುತ್ತಾರೆ. ಸಂಕಷ್ಟಿಯ ದಿನ ಚಂದ್ರೋದಯ ರಾತ್ರಿ ಒಂಬತ್ತರ ಆಸುಪಾಸಿನಲ್ಲಿ ಆಗುವುದರಿಂದ ಗರ್ಭಿಣಿಗೆ ಅದಕ್ಕಿಂತ ಪ್ರತಿಕೂಲವಾದ ವ್ರತ ಇನ್ನೊಂದಿಲ್ಲ ಎನ್ನಬಹುದು. ಶ್ರಾವಣದ ಸೋಮವಾರ, ಶಿವರಾತ್ರಿಯ ಜಾಗರಣೆಯೂ ಹಾಗೆಯೇ. ಬಿಡಲು ಮನಸ್ಸಿಲ್ಲದವರು ಹಾಲು, ಹಣ್ಣು, ಶೇಂಗಾವನ್ನು ಮೂರು ಗಂಟೆಗೊಮ್ಮೆ ತೆಗೆದುಕೊಂಡು ಸಂಕಲ್ಪವನ್ನು ಉಳಿಸಿಕೊಳ್ಳಬಹುದು, ನೀರನ್ನು ಮಾತ್ರ ಎಂದಿಗೂ ಬಿಡಬಾರದು. ರಂಜಾನಿನಲ್ಲಿ ಗರ್ಭಿಣಿಯರಿಗೆ ರೋಜಾವನ್ನು ಮುಂದೂಡುವ ವಿನಾಯಿತಿ ಇದೆ. ಇನ್ಸುಲಿನ್ ತೆಗೆದುಕೊಳ್ಳುವವರು ಆ ವಿನಾಯಿತಿಯನ್ನು ಬಳಸಿಕೊಳ್ಳಲೇಬೇಕು.

ಗ್ರಹಣಕಾಲದಲ್ಲಿ ಉಂಡರೆ ಮಗುವಿಗೆ ಊನವಾಗುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಹಿರಿಯರ ಮನಸ್ಸು ನೋಯಿಸಲಾರೆವು ಎನ್ನುವವರು ಗ್ರಹಣ ಹಿಡಿಯುವ ಮೊದಲು ಸರಿಯಾಗಿ ಉಂಡು, ನೀರಿನ ಬಾಟಲಿ ಮತ್ತು ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಳ್ಳಲಿ.

ಸೀಮಂತದ ಮನೆಯಲ್ಲಿ ಊಟದ ಪಂಕ್ತಿ ಏಳುವುದು ಮೂರಕ್ಕೆ. ನಾಯಕನಹಟ್ಟಿಯ ಜಾತ್ರೆಗೆ ಹೋದರೆ ಎಷ್ಟಕ್ಕೆ ಎಂದು ಹೇಳುವುದೇ ಕಷ್ಟ, ಬಿಸಿಲು ಬೇರೆ. ಡಬ್ಬಿ ಜೊತೆಗಿರಬೇಕು, ಒಂದು ಗಂಟೆಗೆ ಅದನ್ನು ತೆರೆಯಬೇಕು.

ರಾತ್ರಿ ಪಾಳಿ ಮತ್ತು ನಸುಕಿನ ಕೆಲಸದವರು

ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್‌ಗಳಿಗೆ ಮೇಲಿನ ಗಂಟೆಗಳು ಹೊಂದುವುದಿಲ್ಲ. ಸಾಧ್ಯವಿದ್ದರೆ ಗರ್ಭದ ತಿಂಗಳುಗಳಲ್ಲಿ ಹಗಲು ಪಾಳಿ ಕೇಳುವುದೇ ಮೊದಲ ಪರಿಹಾರ. ಸಾಧ್ಯವಿಲ್ಲದಿದ್ದರೆ ಪಾಳಿಗೆ ಹೋಗುವ ಮೊದಲು ಏಳೂವರೆಗೆ ಪೂರ್ಣ ಊಟ ಮಾಡಿ. ನಡುರಾತ್ರಿಯ ಮೇಲೆ ಅನ್ನ, ಬಿರಿಯಾನಿ, ಸಿಹಿ ಬೇಡ. ಹಾಗೆಂದು ಬರಿಹೊಟ್ಟೆಯಲ್ಲಿಯೂ ಇರಬಾರದು, ಒಂದು ಮೊಟ್ಟೆ, ಫ್ಲಾಸ್ಕಿನ ಹಾಲು ಅಥವಾ ಒಂದು ಹಿಡಿ ಪುಟಾಣಿಯನ್ನು ಎರಡು ಬಾರಿ ತೆಗೆದುಕೊಳ್ಳಿ. ಬೆಳಿಗ್ಗೆ ಮನೆಗೆ ಬಂದು ಹಗುರಾದ ತಿಂಡಿ ತಿಂದು ಪರದೆ ಎಳೆದು ಮಲಗಿ.

ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಸುಗ್ಗಿಯಲ್ಲಿ ನಸುಕಿನಲ್ಲೇ ಎದ್ದು ಸುಲಿಯಲು ಕೂರುವವರ ಲೆಕ್ಕ ಇನ್ನೊಂದು ಬಗೆಯದು. ಅವರ ದಿನ ನಾಲ್ಕಕ್ಕೆ ಆರಂಭವಾಗುತ್ತದೆ, ಆದ್ದರಿಂದ ಮೊದಲ ತುತ್ತೂ ಐದರೊಳಗೆ ಬೇಕು, ರೊಟ್ಟಿ ಶೇಂಗಾ ಚಟ್ನಿಪುಡಿಯಾದರೂ ಸರಿ. ಹಾಗೆ ದುಡಿಯುವವರು ರಾತ್ರಿ ಏಳಕ್ಕೇ ಉಂಡು ಒಂಬತ್ತಕ್ಕೆ ಮಲಗಬೇಕು, ಮನೆಯವರು ಅದಕ್ಕೆ ದಾರಿ ಮಾಡಿಕೊಡಬೇಕು.

ಈ ಲಕ್ಷಣಗಳು ಕಂಡರೆ ಕ್ರಮವನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಿ

ಎಲ್ಲಕ್ಕಿಂತ ಅಪಾಯಕಾರಿಯಾದ ತಪ್ಪು ತಿಳಿವಳಿಕೆ ಗ್ಯಾಸ್ಟ್ರಿಕ್ ಎಂಬ ಪದದಲ್ಲಿದೆ. 20 ವಾರದ ನಂತರ ಹೊಟ್ಟೆಯ ಮೇಲ್ಭಾಗದಲ್ಲಿ, ಬಲಪಕ್ಕೆಯ ಕೆಳಗೆ, ನೋವು ಬಂದು ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದಿಕೊಳ್ಳುವುದು ಇದ್ದರೆ ಅದು ಊಟದ ಹೊತ್ತಿನಿಂದ ಆದ ಗ್ಯಾಸ್ ಆಗಿರದೆ ರಕ್ತದೊತ್ತಡ ಏರಿದ ಸೂಚನೆಯಾಗಿರಬಹುದು. ಸೋಡಾ ಕುಡಿದು ಬೆಳಗಾಗಲಿ ಎಂದು ಕಾಯಬಾರದು, 108ಕ್ಕೆ ಕರೆ ಮಾಡಿ ಆ ಹೊತ್ತಿಗೇ ಹೊರಡಬೇಕು.

ಇಡೀ ದಿನ ನೀರೂ ಉಳಿಯದಂತೆ ವಾಂತಿ, ಮೂತ್ರ ಗಾಢ ಹಳದಿಯಾಗಿ ತೀರಾ ಕಡಿಮೆಯಾಗುವುದು, ವಾರದಿಂದ ವಾರಕ್ಕೆ ತೂಕ ಇಳಿಯುವುದು, ವಿಪರೀತ ಬಾಯಾರಿಕೆ, ದದ್ದಿಲ್ಲದೆ ಅಂಗೈ ಅಂಗಾಲು ರಾತ್ರಿ ಹೊತ್ತು ತುರಿಸುವುದು, ಇವುಗಳಿಗೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮಗುವಿನ ಚಲನೆ ಎಂದಿಗಿಂತ ಕಡಿಮೆಯಾದರೆ, ಊಟ ತಡವಾದದ್ದಕ್ಕೆ ಇರಬಹುದು ಎಂದು ಸಿಹಿ ತಿಂದು ನೋಡುತ್ತಾ ಕಾಲ ಕಳೆಯದೆ ಹೋಗಿ ತೋರಿಸಬೇಕು.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕೈ ನಡುಗಿ, ಬೆವೆತು, ತಲೆ ಸುತ್ತಿದರೆ, ಅಥವಾ ಮೀಟರಿನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ, ಊಟದ ಹೊತ್ತನ್ನು ನೋಡದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಬೇಕು, ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು, ಏರದಿದ್ದರೆ ಇನ್ನೊಮ್ಮೆ ಕುಡಿದು ಆಸ್ಪತ್ರೆಗೆ ಹೊರಡಬೇಕು. ಏರಿದ ಮೇಲೆ ಒಂದು ರೊಟ್ಟಿಯನ್ನೋ ಸ್ವಲ್ಪ ಅನ್ನವನ್ನೋ ತಿಂದು, ಆ ದಿನವೇ ವೈದ್ಯರಿಗೆ ತಿಳಿಸಬೇಕು.

ಹಳಿ ತಪ್ಪಿದಾಗ

ಮದುವೆ ಮನೆಯಿಂದ ರಾತ್ರಿ ಹನ್ನೊಂದಕ್ಕೆ ಉಂಡು ಬಂದರೆ ಮರುದಿನ ತಿಂಡಿ ಬಿಟ್ಟು ಸರಿದೂಗಿಸಲು ಹೋಗಬೇಡಿ. ಎಂದಿನ ಹೊತ್ತಿಗೆ ಎದ್ದು, ಬೆಳಕಿಗೆ ಹೋಗಿ, ಎಂದಿನ ಹೊತ್ತಿಗೇ ಸ್ವಲ್ಪವಾದರೂ ತಿನ್ನಿ, ಮಧ್ಯಾಹ್ನ ಅರ್ಧ ಗಂಟೆ ಮಲಗಿ. ಎರಡು ದಿನದಲ್ಲಿ ರಾತ್ರಿಯ ಊಟ ತಾನಾಗಿ ತನ್ನ ಜಾಗಕ್ಕೆ ಮರಳದಿದ್ದರೆ ನೋಟುಪುಸ್ತಕವನ್ನು ತೆರೆದು ಮತ್ತೆ ಮೂರು ದಿನ ಬರೆಯಿರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ನಡೆಯುವ ಉಚಿತ ತಪಾಸಣೆಗೆ ಹೋಗುವಾಗ ತಾಯಿ ಕಾರ್ಡ್‌ನೊಂದಿಗೆ ಆ ಪುಸ್ತಕವನ್ನೂ ಕೊಂಡೊಯ್ಯಿರಿ. ಕಳೆದ ತಿಂಗಳು ಏನು ತಿಂದಿರಿ ಎಂದು ವೈದ್ಯರು ಕೇಳಿದಾಗ ನೆನಪಿನಿಂದ ಹೇಳುವ ಉತ್ತರಕ್ಕಿಂತ ಅದರಲ್ಲಿನ ಗಂಟೆಗಳು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.